ಸೀನು ಬಂದರೆ ದೂಳು ಹೋಯ್ತು ಅಂತಲ್ಲ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ನಾನು ಸೂಪರ್‌ವೈಸರ್. ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ), ಚೆರಿ (ಇಡೀ ಹಣ್ಣನ್ನೇ ಒಣಗಿಸಿದ್ದು) ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರಕ್ಕೆ ಬಿದ್ದರೆ ಸಿಪ್ಪೆ ಪುಡಿಯಾಗಿ ಏಳುತ್ತದೆ. ಸಂಜೆ ಹೊತ್ತಿಗೆ ಎಲ್ಲರ ಹುಬ್ಬೂ ಕಂದು ಬಣ್ಣ.

"ಸೀನಿದ್ರೆ ಹೋಗುತ್ತೆ ಬಿಡಿ ಸಾರ್" ಅನ್ನುತ್ತಾರೆ ಹುಡುಗರು. ದಪ್ಪ ದೂಳಿನ ಮಟ್ಟಿಗೆ ಅದು ನಿಜ. ಮೂಗಿನ ಕೂದಲು, ಲೋಳೆ ಅದನ್ನು ಹಿಡಿಯುತ್ತವೆ. ತಪ್ಪಿಸಿಕೊಂಡು ಒಳಗೆ ಹೋದದ್ದನ್ನು ಶ್ವಾಸನಾಳದ ಸಣ್ಣ ರೋಮಗಳು ಲೋಳೆ ಸಮೇತ ಗಂಟಲಿನ ಕಡೆಗೆ ತಳ್ಳುತ್ತವೆ. ಬೀಡಿ ಸೇದುವವರಲ್ಲಿ ಈ ರೋಮಗಳೇ ಸೋತಿರುತ್ತವೆ, ಅವರಿಗೆ ಎರಡು ಹೊಡೆತ. ಮೂಟೆ ಹೊರುವವರು ಏದುಸಿರು ಬಿಡುತ್ತಾ ಬಾಯಲ್ಲೇ ಉಸಿರಾಡುತ್ತಾರೆ, ಮೂಗಿನ ಕಾವಲೂ ಸಿಗುವುದಿಲ್ಲ. 2.5 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ದೂಳು ರಕ್ತಕ್ಕೆ ಆಮ್ಲಜನಕ ಸೇರುವ ಗಾಳಿಚೀಲಗಳವರೆಗೂ ಹೋಗಬಲ್ಲದು. ಅಲ್ಲಿ ತಳ್ಳಲು ರೋಮಗಳಿಲ್ಲ.

ಕಾಫಿಯದ್ದು ಇನ್ನೊಂದು ಕಾಟ ಇದೆ. ಹುರಿಯದ ಬೀಜದ ದೂಳು ಕೆಲವರಿಗೆ ಅಲರ್ಜಿ. ಗಾರ್ಬ್ಲಿಂಗ್‌ನಲ್ಲಿ, ಅಂದರೆ ಕೆಟ್ಟ ಬೀಜ ಕೈಯಲ್ಲಿ ಆರಿಸಿ ತೆಗೆಯುವ ಕಡೆ, ಕೆಲಸ ಮಾಡುವ ಅಕ್ಕ ಒಬ್ಬರು ಒಂದು ದಿನ ಹೇಳಿದರು: "ಭಾನುವಾರ ಎದೆ ಹಗುರ ಇರುತ್ತೆ ಸಾರ್. ಸೋಮವಾರ ಸಂಜೆ ಮತ್ತೆ ಸುಯ್ ಸುಯ್." ಡಾಕ್ಟರು ಊದುವ ಯಂತ್ರದಲ್ಲಿ ಪರೀಕ್ಷೆ ಮಾಡಿ ಕೆಲಸದಿಂದ ಬಂದ ಉಬ್ಬಸ ಅಂದರು. ಶ್ವಾಸನಾಳದ ಸ್ನಾಯು ಬಿಗಿದು, ಒಳಗೋಡೆ ಊದಿ ದಾರಿ ಕಿರಿದಾಗುತ್ತದಂತೆ. ಒಮ್ಮೆ ಮೈಗೆ ಹಿಡಿಸಿದ ಮೇಲೆ ಚೂರು ದೂಳೂ ಸಾಕು. ಹಾಗಾಗಿ ಮಾಸ್ಕ್ ಕೊಟ್ಟು ಸುಮ್ಮನಾಗಲಿಲ್ಲ, ಅವರನ್ನು ಲೆಕ್ಕದ ಕೋಣೆಗೆ ಹಾಕಿದೆವು. ಈಗ ಯಾರೇ ಕೆಮ್ಮಿದರೂ ನನ್ನ ಮೊದಲ ಪ್ರಶ್ನೆ, ರಜೆಯಲ್ಲಿ ಹೇಗಿರುತ್ತೆ?

ನನ್ನ ಕಣ್ಣಲ್ಲಿ ಹಲ್ಲರ್‌ಗಿಂತ ಕೆಟ್ಟದ್ದು ಪೊರಕೆ. ನೆಲಕ್ಕೆ ಕೂತ ನಯವಾದ ದೂಳನ್ನು ಮತ್ತೆ ಮುಖದ ಮಟ್ಟಕ್ಕೆ ಎಬ್ಬಿಸುತ್ತದೆ. ನೀರು ಚಿಮುಕಿಸಿ ಗುಡಿಸೋಣ ಅಂದರೆ ಗೋಡೌನ್‌ನಲ್ಲಿ ಆಗಲ್ಲ, ಬೀಜ ತೇವ ಎಳೆದುಕೊಂಡು ಬೂಷ್ಟು ಹಿಡಿಯುತ್ತದೆ. ಮಾಲೀಕರ ಹತ್ತಿರ ಜಗಳವಾಡಿ ದೂಳು ಎಳೆಯುವ ವ್ಯಾಕ್ಯೂಮ್ ತರಿಸಿದ್ದಾಯ್ತು.

ಬಾಯಿಗೆ ಟವೆಲ್ ಸುತ್ತಿದರೆ ನಯವಾದ ದೂಳು ನಿಲ್ಲಲ್ಲ. ನಯವಾದ ದೂಳನ್ನೂ ಸೋಸುವ ಎನ್-95 ಮಾಸ್ಕ್ ಬೇಕು, ಅದೂ ಮುಖಕ್ಕೆ ಸರಿಯಾಗಿ ಕೂರಬೇಕು. ಗಡ್ಡ ಇದ್ದರೆ ಅಂಚಲ್ಲಿ ಸೋರುತ್ತದೆ. ಮೂಟೆ ಹೊತ್ತು ಅದನ್ನು ಹಾಕಿಕೊಂಡರೆ ಉಸಿರು ಕಟ್ಟುತ್ತೆ ಅಂತ ಹಮಾಲಿಗಳು ಗೊಣಗುತ್ತಾರೆ. ನ್ಯಾಯವೇ. ಅದಕ್ಕೆ ಪಾಳಿ ಚಿಕ್ಕದು ಮಾಡಿದ್ದೇವೆ, ಮಧ್ಯೆ ಹೊರಗೆ ನಿಂತು ಟೀ ಕುಡಿದು ಬರಲು ಬಿಡುತ್ತೇವೆ.