ಚಳಿಯಲ್ಲಿ ಬಯಲಿಗೆ ಹೋಗಿಯೇ ಏಕೆ ಚಿತ್ರ ಬರೆಯಬೇಕು?

ಚಿತ್ರದುರ್ಗದಲ್ಲಿ ನನ್ನ ನೆಂಟರು, ನೆರೆಯವರು, ಬೆಳಗಿನ ಹೊತ್ತು ಚಂದ್ರವಳ್ಳಿಯ ಕಡೆ ನಡೆಯಲು ಬರುವವರು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಡಿಸೆಂಬರಿನ ಚಳಿಯಲ್ಲಿ, ಇಬ್ಬನಿ ಇನ್ನೂ ಆರದ ಹೊತ್ತಿನಲ್ಲಿ, ಬಣ್ಣದ ಪೆಟ್ಟಿಗೆ ಹೊತ್ತು ತಂದು ಬಯಲಿನಲ್ಲಿ ನಿಂತು ಬರೆಯುವುದೇಕೆ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡು ಹೋಗಿ ಮನೆಯಲ್ಲಿ ಕೂತು ಬರೆಯಬಾರದೇ? ಚಿತ್ರಕಲೆ ಬಲ್ಲ ಕೆಲವರು ಇದಕ್ಕೆ ಇನ್ನೊಂದನ್ನು ಸೇರಿಸುತ್ತಾರೆ: ಹೊರಗೆ ಬರೆಯುವುದಕ್ಕೆ ಜಲವರ್ಣ ಸಾಕಲ್ಲವೇ, ವಾರವಾದರೂ ಒಣಗದ ತೈಲವರ್ಣ ಏಕೆ? ನಿಂತ ನಿಲುವಿನಲ್ಲಿ ಹೇಳಿ ಮುಗಿಸಲು ಆಗದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೋಗುವುದು ನೆರಳಿಗಾಗಿ. ನಮ್ಮ ಊರು ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ದಿನಗಳಲ್ಲಿ ನಡುಹಗಲಿನ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಬಂಡೆಯ ನೆರಳು ಬಂಡೆಯ ಬುಡದಲ್ಲೇ ಅಡಗಿಹೋಗಿ, ಗುಡ್ಡವೆಲ್ಲ ಒಂದೇ ಬಿಳಿಚಿದ ಬಣ್ಣಕ್ಕೆ ತಿರುಗಿ, ಯಾವ ಕಲ್ಲು ಮುಂದೆ ಯಾವುದು ಹಿಂದೆ ಎಂಬುದೂ ಕಣ್ಣಿಗೆ ಹತ್ತುವುದಿಲ್ಲ. ಡಿಸೆಂಬರ್ 21ರ ಆಸುಪಾಸಿನಲ್ಲಿ ಅದೇ ಸೂರ್ಯ ನಡುಹಗಲಲ್ಲೂ ದಿಗಂತದಿಂದ ಸುಮಾರು 52 ಡಿಗ್ರಿಯಷ್ಟೇ ಏರುತ್ತಾನೆ, ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ. ಹಾಗಾಗಿ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಈ ಬಂಡೆಗಳ ಉತ್ತರದ ಮೈ ಹೊತ್ತು ಮುಳುಗುವವರೆಗೂ ನೆರಳಿನಲ್ಲಿಯೇ ಉಳಿಯುತ್ತದೆ. ಬಂಡೆಯ ಗುಂಡಗಿನ ಆಕಾರ, ಅದರ ಭಾರ, ಎರಡು ಬಂಡೆಗಳ ನಡುವಿನ ಸಂದಿನ ಆಳ, ಇವೆಲ್ಲ ಕಾಣುವುದು ಆ ನೆರಳಿನಿಂದಲೇ. ಕೋಟೆಯ ಊರಿನಲ್ಲಿ ಹುಟ್ಟಿ ಬೆಳೆದರೂ ಬಂಡೆಯನ್ನು ನಾನು ನಿಜವಾಗಿ ನೋಡಿದ್ದು ಚಳಿಗಾಲದಲ್ಲಿ ಅದನ್ನು ಬರೆಯಲು ಕೂತಾಗ.

ಆ ನೆರಳು ಕಪ್ಪಲ್ಲ ಎಂಬುದು ಫೋಟೊ ನಂಬಿದವರಿಗೆ ತಿಳಿಯುವುದು ಕಷ್ಟ. ಬಿಸಿಲು ನೇರವಾಗಿ ತಾಗದ ಜಾಗಕ್ಕೆ ಬೆಳಕು ಬರುವುದು ತಿಳಿ ಆಕಾಶದಿಂದ. ಆಕಾಶ ನೀಲಿಯಾದ್ದರಿಂದ ನೆರಳಿಗೂ ಆ ನೀಲಿ ಹತ್ತುತ್ತದೆ. ಕ್ಯಾಮೆರಾ ಬಿಸಿಲಿನ ಕಡೆಗೆ ಲೆಕ್ಕ ಹಾಕಿಕೊಂಡು ನೆರಳನ್ನು ಕಪ್ಪಗೆ ಮುಚ್ಚುತ್ತದೆ, ನೆರಳಿನ ಕಡೆಗೆ ಲೆಕ್ಕ ಹಾಕಿದರೆ ಬಿಸಿಲನ್ನು ಬೆಳ್ಳಗೆ ಬೇಯಿಸುತ್ತದೆ. ಕಣ್ಣು ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಹಿಮ ಬೀಳುವ ದೇಶಗಳ ಚಿತ್ರಕಾರರಿಗೆ ಈ ನೀಲಿ ಚೆನ್ನಾಗಿ ಗೊತ್ತು, ಬಿಳಿಯ ಹಿಮದ ಮೇಲೆ ಅದು ಎದ್ದು ಕಾಣುತ್ತದೆ. ರಷ್ಯಾದ ಚಿತ್ರಕಾರ ಇಗೋರ್ ಗ್ರಬಾರ್ 1904ರ ಚಳಿಗಾಲದಲ್ಲಿ ಬರ್ಚ್ ಮರವೊಂದನ್ನು ನೀಲಿ ಆಕಾಶಕ್ಕೆ ಎದುರಾಗಿ ಕೆಳಗಿನಿಂದ ನೋಡಿ ಬರೆಯಬೇಕೆಂದು ಹಿಮದಲ್ಲಿ ಗುಂಡಿ ತೋಡಿ, ಅದರೊಳಗೆ ಈಸೆಲ್, ಅಂದರೆ ಚಿತ್ರ ಆನಿಸಿಡುವ ಕಾಲುಮಣೆ, ನಿಲ್ಲಿಸಿಕೊಂಡು ಕೆಲಸ ಮಾಡಿದರು. ನಮಗೆ ಹಿಮವಿಲ್ಲ, ಬೂದುಬಣ್ಣದ ಕಲ್ಲಿದೆ. ಬೂದಿ ಬಣ್ಣವೂ ಆಕಾಶದ ಬಣ್ಣವನ್ನು ಒಪ್ಪಿಕೊಳ್ಳುತ್ತದೆ, ಬಿಳಿಗಿಂತ ಮೆಲ್ಲಗೆ.

ಒಂದು ಬೆಳಗನ್ನು ವಿವರವಾಗಿ ಹೇಳುತ್ತೇನೆ. ಚಂದ್ರವಳ್ಳಿ ಇರುವುದು ಚಿತ್ರದುರ್ಗದ ಗುಡ್ಡ, ಕಿರುಬನಕಲ್ಲು ಮತ್ತು ಚೋಳಗುಡ್ಡಗಳ ನಡುವಿನ ಕಣಿವೆಯಲ್ಲಿ. ಕದಂಬರ ಮಯೂರಶರ್ಮನ ಶಾಸನ ಹೇಳುವುದೂ ಇಲ್ಲಿಯ ಕೆರೆಯ ವಿಷಯವನ್ನೇ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 6:50ಕ್ಕೆ, ಆದರೆ ಸುತ್ತ ಗುಡ್ಡಗಳಿರುವುದರಿಂದ ಬಿಸಿಲು ನೀರಿಗೆ ಇಳಿಯುವುದು ಬಹಳ ತಡ. ಆ ಹೊತ್ತಿಗಾಗಲೇ ನಾನು ಹಲಗೆಯ ಮೇಲೆ ನೆರಳಿನ ಗಡಿಯನ್ನು ತೆಳುವಾದ ಕಂದು ಬಣ್ಣದಲ್ಲಿ ಗುರುತಿಸಿಕೊಂಡಿರುತ್ತೇನೆ. ಇದನ್ನು ಮೊದಲು ಮಾಡದಿದ್ದರೆ ಚಿತ್ರ ಕೆಟ್ಟಿತೆಂದೇ ಅರ್ಥ, ಏಕೆಂದರೆ ಮುಕ್ಕಾಲು ಗಂಟೆಯಲ್ಲಿ ನೆರಳು ಸರಿದುಹೋಗಿರುತ್ತದೆ, ಅದರ ಹಿಂದೆ ಓಡುತ್ತಾ ತಿದ್ದಿದರೆ ಎರಡು ಹೊತ್ತಿನ ಸೂರ್ಯ ಒಂದೇ ಚಿತ್ರದೊಳಗೆ ಬಂದು ಕೂರುತ್ತಾನೆ. ನೆರಳಿಗೆ ನಾನು ಕಲೆಸುವುದು ಅಲ್ಟ್ರಾಮರೀನ್ ನೀಲಿ, ಅದರ ಅರ್ಧದಷ್ಟು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಸ್ವಲ್ಪ ಬಿಳಿ. ಕಪ್ಪಿನ ಟ್ಯೂಬನ್ನು ಪೆಟ್ಟಿಗೆಯಲ್ಲಿ ಇಡುವುದನ್ನೇ ಬಿಟ್ಟಿದ್ದೇನೆ.

ಅಂದು ಒಂಬತ್ತರ ಹೊತ್ತಿಗೆ ಕುರಿ ಹೊಡೆದುಕೊಂಡು ಬಂದ ವೃದ್ಧರೊಬ್ಬರು ಹಿಂದೆ ನಿಂತು ನೋಡಿ, “ಕಲ್ಲು ಬೂದಿ ಬಣ್ಣ ಐತಲ್ಲ ಸ್ವಾಮಿ, ನೀವು ನೀಲಿ ಹಚ್ತಾ ಇದೀರಲ್ಲ?” ಎಂದರು. “ಯಜಮಾನ್ರೇ, ಮುಷ್ಟಿ ಕೊಳವೆ ಮಾಡಿ ಅದರೊಳಗಿಂದ ಮೊದಲು ಬಿಸಿಲಿನ ಕಲ್ಲು ನೋಡಿ, ಆಮೇಲೆ ನೆರಳಿನದು ನೋಡಿ” ಎಂದೆ. ಸುತ್ತಲಿನ ಬಣ್ಣಗಳಿಂದ ಒಂದನ್ನು ಬೇರ್ಪಡಿಸಿ ನೋಡುವ ಹಳೆಯ ಉಪಾಯ ಇದು. ಅವರು ಬಹಳ ಹೊತ್ತು ನೋಡಿ, “ಅಂಗೇ ಐತೆ” ಎಂದಷ್ಟೇ ಹೇಳಿದರು. ಇಷ್ಟು ತಡವಾಗಿ ಬರುವುದೇಕೆ ಎಂದು ಕೇಳಿದೆ. ಇಬ್ಬನಿ ಕೂತ ಹುಲ್ಲು ಮೇಯ್ದರೆ ಕುರಿಗೆ ಆಗಿಬರುವುದಿಲ್ಲವಂತೆ, ಅದು ಆರಿದ ಮೇಲೆಯೇ ಬಿಡುತ್ತಾರಂತೆ. ಅಂದಿನಿಂದ ಕುರಿಗಳು ಗುಡ್ಡ ಹತ್ತಿದವೆಂದರೆ ನನ್ನ ಬೆಳಗಿನ ಬಣ್ಣ ಮುಗಿಯಿತೆಂದು ತಿಳಿದು ಬ್ರಷ್ ಕೆಳಗಿಡುತ್ತೇನೆ.

ಇನ್ನು ತೈಲವರ್ಣದ ಮಾತು. ಇಬ್ಬನಿಯ ಹೊತ್ತಿನಲ್ಲಿ ಜಲವರ್ಣದ ಕಾಗದ ಹಸಿಯಾಗಿಯೇ ಉಳಿಯುತ್ತದೆ. ಹತ್ತು ಗಂಟೆಯ ಒಣಗಾಳಿಗೆ ಅದೇ ಕಾಗದ ಬ್ರಷ್ ಎತ್ತುವುದರೊಳಗೆ ಒಣಗುತ್ತದೆ. ತೈಲವರ್ಣ ಎರಡು ಹೊತ್ತಿನಲ್ಲೂ ಒಂದೇ ರೀತಿ ಮಾತು ಕೇಳುತ್ತದೆ. ತಪ್ಪಾದರೆ ಬಟ್ಟೆಯಿಂದ ಒರೆಸಬಹುದು, ಬಿಸಿಲಿನ ಬಣ್ಣವನ್ನು ನೆರಳಿನ ಅಂಚಿಗೆ ಹಸಿಯಲ್ಲೇ ಎಳೆದು ಬೆರೆಸಬಹುದು. ಬಂಡೆಯ ತಿರುವು ಬರುವುದು ಆ ಅಂಚಿನಲ್ಲಿ. ತೈಲವರ್ಣದ ಜೀವ ಇರುವುದು ಅಗಸೆ ಎಣ್ಣೆಯಲ್ಲಿ, ನಾವು ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಚಳಿಯಲ್ಲಿ ಇನ್ನೂ ನಿಧಾನ. ಹಿಂದೆ ಈ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ರ‍್ಯಾಂಡ್ ತವರದ ಟ್ಯೂಬನ್ನು ಕಂಡುಹಿಡಿದ ಮೇಲೆ ಚಿತ್ರಕಾರರು ತೈಲವರ್ಣವನ್ನು ಹೊಲಗದ್ದೆಗಳಿಗೆ ಹೊತ್ತೊಯ್ಯುವುದು ಸುಲಭವಾಯಿತು. ಶೀತದೇಶಗಳಲ್ಲಿ ಬಣ್ಣ ಕಲೆಸುವ ಪ್ಯಾಲೆಟ್ಟಿನ ಮೇಲೆಯೇ ಬಣ್ಣ ಬಿಗಿಯುವುದುಂಟು. ನಮ್ಮಲ್ಲಿ 15 ಡಿಗ್ರಿಯ ಬೆಳಗೇ ದೊಡ್ಡ ಚಳಿ. ಬಿಳಿಯ ಟ್ಯೂಬು ಮಾತ್ರ ಸ್ವಲ್ಪ ಗಟ್ಟಿಯಾಗುತ್ತದೆ, ಅದನ್ನು ಸ್ವೆಟರಿನ ಒಳಜೇಬಿನಲ್ಲಿ ಇಟ್ಟುಕೊಂಡು ಹೋದರೆ ಸಾಕು.

ಒಣಗದಿರುವುದರ ಕಷ್ಟವನ್ನೂ ಮುಚ್ಚಿಡುವುದಿಲ್ಲ. ದಾವಣಗೆರೆಯ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಕಣದ ಅಂಚಿನಲ್ಲಿ ಹುಲ್ಲಿನ ಬಣವೆಗಳು ಏಳುತ್ತವೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1890–91ರಲ್ಲಿ ತನ್ನ ಊರಿನ ಗೋಧಿಯ ಬಣವೆಗಳನ್ನು ಬರೆದಾಗ ಹಲವು ಕ್ಯಾನ್ವಾಸುಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದ ಹಾಗೆ ಒಂದನ್ನು ಬಿಟ್ಟು ಮತ್ತೊಂದನ್ನು ಎತ್ತಿಕೊಳ್ಳುತ್ತಿದ್ದರು. ಆ ಸರಣಿಯಲ್ಲಿ ಹಿಮ ಹೊದ್ದ ಬಣವೆಗಳೂ ಇವೆ. ನಾನೂ 8×10 ಇಂಚಿನ ಮೂರು ಹಲಗೆ ಒಯ್ದಿದ್ದೆ. ಮೂರನೆಯದು ಮುಗಿಯುವ ಹೊತ್ತಿಗೆ ಗಾಳಿಗೆ ಈಸೆಲ್ ಮಗುಚಿ ಹಲಗೆ ಕಣದ ಮೇಲೆ ಬೋರಲಾಗಿ ಬಿತ್ತು, ಧೂಳು, ಹೊಟ್ಟು, ಹುಲ್ಲೆಳೆ ಎಲ್ಲವೂ ಬಣ್ಣಕ್ಕೆ ಅಂಟಿದವು. ಕೈ ಹಾಕಿ ತೆಗೆಯಲು ಹೋಗಿ ಅರ್ಧ ಚಿತ್ರವನ್ನು ಹಾಳುಮಾಡಿಕೊಂಡೆ. ಹಾಗೆ ಅಂಟಿದ್ದನ್ನು ಮುಟ್ಟಬಾರದು. ಪೂರ್ತಿ ಒಣಗಿದ ಮೇಲೆ ಗಟ್ಟಿ ಬ್ರಷ್ಷಿನಿಂದ ಉಜ್ಜಿದರೆ ಬಹಳಷ್ಟು ಉದುರಿಹೋಗುತ್ತದೆ. ಈಗ ಈಸೆಲ್ಲಿನ ನಡುವೆ ಕಲ್ಲು ತುಂಬಿದ ಚೀಲ ತೂಗುಹಾಕುತ್ತೇನೆ. ನಮ್ಮೂರ ಹತ್ತಿರದ ಜೋಗಿಮಟ್ಟಿ ಬೆಟ್ಟದ ಗಾಳಿಗಂತೂ ಅದೂ ಸಾಲದು, ಅಲ್ಲಿ ನೆಲದ ಮೇಲೆ ಕೂತು ತೊಡೆಯ ಮೇಲೆ ಹಲಗೆ ಇಟ್ಟುಕೊಂಡೇ ಬರೆಯುವುದು.

ಜೊತೆಗೆ ಬರುತ್ತೇವೆ ಎನ್ನುವ ಹುಡುಗರಿಗೆ ಒಂದು ಎಚ್ಚರಿಕೆ ತಪ್ಪದೆ ಹೇಳುತ್ತೇನೆ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಉಂಡೆ ಮಾಡಿ ಚೀಲದೊಳಗೆ ತುರುಕಬೇಡಿ, ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖಕ್ಕೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಮುಚ್ಚಳವಿರುವ ಡಬ್ಬಿಯಲ್ಲಿ ನೀರು ಹಾಕಿ ಅದರಲ್ಲಿ ಮುಳುಗಿಸಿಡಿ.

ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೊರಟುಹೋಗುತ್ತದೆ, ಅದರ ಹಿಂದೆಯೇ ನೆರಳಿನ ನೀಲಿಯೂ ಧೂಳಿನಲ್ಲಿ ಮಸುಕಾಗುತ್ತದೆ. ಆಗ ನನ್ನ ಪೆಟ್ಟಿಗೆ ಅಟ್ಟ ಸೇರುತ್ತದೆ. ಹಲಗೆಗಳನ್ನು ಮುಖ ಹೊರಗಿಟ್ಟು ಗೋಡೆಗೆ ಒರಗಿಸಿಡುತ್ತೇನೆ. ಕಂದು ಬಣ್ಣಗಳು ಬೇಗ ಒಣಗುತ್ತವೆ, ಬಿಳಿ ಬೆರೆತ ದಪ್ಪ ಭಾಗಗಳು ತಿಂಗಳುಗಟ್ಟಲೆ ಒಳಗೆ ಮೆತ್ತಗೇ ಇರುತ್ತವೆ. ಡಿಸೆಂಬರಿನಲ್ಲಿ ಬರೆದ ಚಿತ್ರಕ್ಕೆ ನಾನು ವಾರ್ನಿಷ್ ಹಚ್ಚುವುದು ಮುಂದಿನ ಮಳೆಗಾಲ ಕಳೆದು ಮತ್ತೆ ಇಬ್ಬನಿ ಬೀಳಲು ಶುರುವಾದ ಮೇಲೆಯೇ.