ರಾತ್ರಿ ಕಣ್ಣು ಮುಚ್ಚುವ ಕ್ಯಾಮೆರಾ

ಹಗಲೆಲ್ಲ ಸರಿಯಿದ್ದ ಸಿಸಿಟಿವಿ ಕ್ಯಾಮೆರಾ ಕತ್ತಲಾದ ಕೂಡಲೇ ಆಫ್ ಆಗಿ ಆನ್ ಆಗುತ್ತಿದ್ದರೆ ಕ್ಯಾಮೆರಾ ಬದಲಿಸಬೇಡಿ, ವೈರ್ ನೋಡಿ. ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾದಲ್ಲಿರುವ ಐಆರ್ (ಇನ್‌ಫ್ರಾರೆಡ್) ಎಲ್‌ಇಡಿ ದೀಪ ಹೊತ್ತಿದಾಗ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ. ತಾಮ್ರದ ಲೇಪನವಿರುವ ಅಗ್ಗದ ಅಲ್ಯೂಮಿನಿಯಂ ಕೇಬಲ್ ಉದ್ದವಾಗಿದ್ದರೆ 12 ವೋಲ್ಟ್ ಅಲ್ಲಿಗೆ ಪೂರ್ತಿ ತಲುಪುವುದೇ ಇಲ್ಲ. ಕತ್ತಲಾದ ಮೇಲೆ ಕ್ಯಾಮೆರಾ ತುದಿಯಲ್ಲೇ ಮಲ್ಟಿಮೀಟರ್ ಇಟ್ಟು ಅಳೆಯಿರಿ. 11ಕ್ಕಿಂತ ಕೆಳಗಿದ್ದರೆ ಶುದ್ಧ ತಾಮ್ರದ ಕೇಬಲ್ ಎಳೆಸಿ, ಇಲ್ಲವೇ ಹತ್ತಿರದಲ್ಲೇ ಅಡಾಪ್ಟರ್ ಕೊಡಿ.

ಗಂಗಾವತಿ, ಸಿಂಧನೂರಿನ ರೈಸ್ ಮಿಲ್‌ಗಳಲ್ಲಿ ಇನ್ನೊಂದು ಕಾಟ, ಹೊಟ್ಟಿನ ದೂಳು. ಗಾಜಿನ ಮೇಲೆ ಕೂತು ಐಆರ್ ಬೆಳಕನ್ನು ವಾಪಸ್ ಎರಚುತ್ತದೆ, ಚಿತ್ರವೆಲ್ಲ ಬೆಳ್ಳಗೆ. ಜೇಡರ ಬಲೆಯೂ ಅಷ್ಟೇ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಗ್ಯಾರಂಟಿ. ಮೊದಲು ಮೆತ್ತನೆ ಬ್ರಶ್, ಆಮೇಲೆ ಒದ್ದೆ ಬಟ್ಟೆ.

ರೆಕಾರ್ಡಿಂಗ್‌ಗೆ ಎಷ್ಟು ಹಾರ್ಡ್ ಡಿಸ್ಕ್ ಬೇಕು? 2 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 2 ಮೆಗಾಬಿಟ್) ಇಡೀ ದಿನ ರೆಕಾರ್ಡ್ ಮಾಡುವ 4 ಕ್ಯಾಮೆರಾ ದಿನಕ್ಕೆ ಸುಮಾರು 86 ಜಿಬಿ ತಿನ್ನುತ್ತವೆ. 1 ಟಿಬಿ ಬರುವುದು ಹನ್ನೊಂದೇ ದಿನ.