ಹಳೇ ಕಾರಿಗೆ ಹೊಸ ಸಾಮಾನು ಯಾಕೆ?

"ಇಷ್ಟು ದುಡ್ಡು ಸುರಿದು ಹಳೇ ಕಾರು ರಿಪೇರಿ ಮಾಡಿಸಿದ್ದೀರಿ. ಮತ್ತೆ ಹೊಸ ಸಾಮಾನು ಯಾಕೆ ಹಾಕಿದ್ರಿ? ಒರಿಜಿನಲ್ ಹೋಯ್ತಲ್ವಾ?" ನನ್ನ ಎಂಜಿಬಿ ಎಂಬ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ನೋಡಿದವರೆಲ್ಲ ಕೇಳುವುದು ಇದನ್ನೇ.

1966ರ ಗಾಡಿ, 1798 ಸಿಸಿ ಇಂಜಿನ್. ಆಕ್ಸ್‌ಫರ್ಡ್ ಪಕ್ಕದ ಅಬಿಂಗ್ಡನ್‌ನಲ್ಲಿ ತಯಾರಾದದ್ದು. ನಾನೀಗ ಇರುವ ಮನೆಯಿಂದ ಆ ಊರು ಅರ್ಧ ಗಂಟೆ ದಾರಿ.

ಮೊದಲು ತುಕ್ಕಿನ ವಿಷಯ. ಮೇಲೆ ಟಾಪ್ ಇಲ್ಲದ ಕಾರು. ಹಾಗಾಗಿ ಅದರ ಗಟ್ಟಿತನವೆಲ್ಲ ಬಾಗಿಲ ಕೆಳಗಿನ ಸಿಲ್‌ಗಳಲ್ಲಿದೆ. ನಾನು ಕೊಂಡಾಗ ಜಾಕ್ ಹಾಕಿ ಎತ್ತಿದರೆ ಬಾಗಿಲು ತೆರೆಯುತ್ತಿರಲಿಲ್ಲ, ಬಾಡಿ ಅಷ್ಟು ಬಾಗುತ್ತಿತ್ತು. ಎರಡೂ ಕಡೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಅದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ ನೋಡಿ!

ಉಳಿದದ್ದಕ್ಕೆ ನನ್ನದು ಒಂದೇ ಲೆಕ್ಕ: ಸ್ಪ್ಯಾನರ್ ಹಿಡಿದು ವಾಪಸ್ ಹಾಕಬಹುದಾದದ್ದನ್ನು ಬದಲಾಯಿಸುತ್ತೇನೆ, ಕಾರನ್ನು ಕೊರೆಯಬೇಕಾದದ್ದನ್ನು ಮುಟ್ಟುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಜಾಗಕ್ಕೆ ಈಗಿನ ಕಾರುಗಳಲ್ಲಿರುವ ಆಲ್ಟರ್ನೇಟರ್ ಬಂತು. ಟ್ರಾಫಿಕ್‌ನಲ್ಲಿ ನಿಂತಾಗ ಡೈನಮೋ ಚಾರ್ಜೇ ಮಾಡುತ್ತಿರಲಿಲ್ಲ, ಹೆಡ್‌ಲೈಟು ಚಿಮಣಿ ದೀಪದಂತಾಗುತ್ತಿತ್ತು. ನಾಲ್ಕು ಗೇರಿನ ಬಾಕ್ಸ್ ತೆಗೆದು ಐದು ಗೇರಿನದು ಹಾಕಿದೆ. ಮೊದಲು 70 ಮೈಲಿ ವೇಗಕ್ಕೆ ಇಂಜಿನ್ ನಿಮಿಷಕ್ಕೆ ಸುಮಾರು 4,000 ಸುತ್ತು ತಿರುಗುತ್ತಿತ್ತು. ಪಕ್ಕದಲ್ಲಿ ಕೂತವರಿಗೆ ಕೂಗಿ ಹೇಳಬೇಕಿತ್ತು. ಈಗ 3,200ರ ಆಸುಪಾಸು. ಸ್ಪಾರ್ಕ್ ಪ್ಲಗ್‌ನ ಕಿಡಿಗೆ ಬೇಕಾದ ಹಳೇ ಕಾಲದ ಪಾಯಿಂಟ್, ಕಂಡೆನ್ಸರ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಮಳೆಯ ರಾತ್ರಿ ಹೊಸ ಕಂಡೆನ್ಸರೇ ಕೈಕೊಟ್ಟು ಹೆದ್ದಾರಿ ಪಕ್ಕದಲ್ಲಿ ಎರಡು ಗಂಟೆ ನೆನೆದ ಮೇಲೆ ಜಾಸ್ತಿ ಯೋಚಿಸಲಿಲ್ಲ.

ಪೆಟ್ರೋಲ್ ಪಂಪ್ ಮಾತ್ರ ಹಳೆಯದೇ. ಕೀ ತಿರುಗಿಸಿದರೆ ಹಿಂದಿನಿಂದ ಟಕಟಕ ಅಂತ ಶುರುವಾಗಿ, ಕಾರ್ಬುರೇಟರ್ ತುಂಬುತ್ತಿದ್ದಂತೆ ನಿಧಾನವಾಗುತ್ತದೆ. ಆ ಸದ್ದು ಬಿಡಲು ಮನಸ್ಸಿಲ್ಲ, ಅಷ್ಟೇ.

ಹೋದ ಬೇಸಿಗೆಯಲ್ಲಿ ಹಾಸನದಿಂದ ಅಪ್ಪ ಬಂದಿದ್ದರು. ವರ್ಷಗಟ್ಟಲೆ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಬಾನೆಟ್ ಎತ್ತಿದ ಕೂಡಲೇ, "ಇದು ನಮ್ಮ ಇಂಜಿನ್ನೇ ಅಲ್ವೇನೋ?" ಅಂದರು. ನಿಜ. ಅಂಬಾಸಿಡರ್‌ನ 1489 ಸಿಸಿ ಇಂಜಿನ್ನೂ ಇದೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಒಂದೇ ಬಿ-ಸೀರೀಸ್ ಮನೆತನ. ಪಾಯಿಂಟ್ ಕೂರುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿ ನೋಡಿದರು. ಒಳಗೆ ಒಂದು ಕರಿ ಪ್ಲಾಸ್ಟಿಕ್ ತುಂಡು.

"ಪಾಯಿಂಟ್ ಎಲ್ಲೋ?"

ತೆಗೆದ ಸಾಮಾನು ಇಟ್ಟಿದ್ದ ಬಿಸ್ಕತ್ ಡಬ್ಬಿ ತಂದುಕೊಟ್ಟೆ. ಹಳೇ ಪಾಯಿಂಟನ್ನು ಬೆಳಕಿಗೆ ಹಿಡಿದು ನೋಡಿ, "ಎಮರಿ ಪೇಪರ್ ಇದ್ಯಾ?" ಅಂತ ಕೇಳಿದರು.